ಮುಯ್ಯಿ ಪುಸ್ತಕ ಮುಚ್ಚುವ ಮೊದಲು: ಸಂಘದ ಹಿರಿಯರಿಗೊಂದು ಬಹಿರಂಗ ಪತ್ರ

ಸಂಘದ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ, ಆ ಭಾನುವಾರ ಸಮುದಾಯ ಭವನದಲ್ಲಿ ಕೈ ಎತ್ತಿದ ಎಲ್ಲ ಹಿರಿಯರಿಗೆ ನಮಸ್ಕಾರ.

ಆ ಸಭೆಯಲ್ಲಿ ನಾನೂ ಇದ್ದೆ. ಹೆಂಗಸರ ಕಡೆ, ಕೊನೆಯ ಸಾಲಿನಲ್ಲಿ, ಫ್ಯಾನು ತಿರುಗದ ಮೂಲೆಯಲ್ಲಿ. ಲೆಕ್ಕಪತ್ರ ಓದಿದಿರಿ. ಪ್ರತಿಭಾ ಪುರಸ್ಕಾರಕ್ಕೆ ದಿನ ಗೊತ್ತುಮಾಡಿದಿರಿ. ಜನ ಎದ್ದು ಊಟಕ್ಕೆ ಹೊರಡುವ ಹೊತ್ತಿಗೆ ಇನ್ನೊಂದು ನಿರ್ಣಯ ಓದಿದಿರಿ. ಇನ್ನು ಮುಂದೆ ನಮ್ಮ ಜನಾಂಗದ ಮದುವೆಗಳಲ್ಲಿ ಮುಯ್ಯಿ ಬರೆಯುವಂತಿಲ್ಲ, ಬರೆಯುವ ಮದುವೆಯಲ್ಲಿ ಸಂಘದವರು ಊಟ ಮಾಡುವುದಿಲ್ಲ. ಮುಯ್ಯಿ ಅಂದರೆ ಮದುವೆಗೆ ಬಂದವರು ಕೊಡುವ ದುಡ್ಡು, ಸಾಮಾನು; ಅದನ್ನು ಬರೆದಿಟ್ಟುಕೊಂಡು ಅವರ ಮನೆ ಮದುವೆಯಲ್ಲಿ ವಾಪಸ್ ಹಾಕುವುದು ರೂಢಿ. ಯಾರಾದರೂ ಮಾತಾಡುವವರಿದ್ದೀರಾ ಅಂತ ಕೇಳಿದಿರಿ, ನಿಜ. ಆದರೆ ಗಂಡಸರ ಕಡೆ ನೋಡಿಕೊಂಡು ಕೇಳಿದಿರಿ. ನಾನು ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಚಪ್ಪಾಳೆ ಬಿದ್ದಾಗಿತ್ತು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೀವು ಕೊಟ್ಟ ಕಾರಣಗಳನ್ನು ಗಮನವಿಟ್ಟು ಕೇಳಿದ್ದೇನೆ. ಮುಯ್ಯಿ ಬಡವರಿಗೆ ಹೊರೆ ಅಂದಿರಿ. ಮದುವೆ ಮನೆ ಬಾಗಿಲಲ್ಲಿ ಮೇಜು ಹಾಕಿಕೊಂಡು ದುಡ್ಡು ತಗೊಳ್ಳೋದು ಮರ್ಯಾದೆ ಅಲ್ಲ ಅಂದಿರಿ. ಪಟ್ಟಣದವರು ನೋಡಿ ನಗುತ್ತಾರೆ ಅಂದಿರಿ. ಕುವೆಂಪು ಹೇಳಿಕೊಟ್ಟ ಸರಳ ಮದುವೆ ನಮ್ಮ ಆದರ್ಶ ಆಗಬೇಕು ಅಂತಲೂ ಒಬ್ಬರು ಮೈಕಿನಲ್ಲಿ ಹೇಳಿದರು. ಅದನ್ನು ಹೇಳಿದವರ ಮನೆ ಮದುವೆಗೆ ಹೋದ ವರ್ಷ ನಾನು ಹೋಗಿದ್ದೆ. ವೇದಿಕೆಗೆ ಹೊದಿಸಿದ ಹೂವಿನ ದುಡ್ಡಿನಲ್ಲಿ ನಮ್ಮೂರಲ್ಲಿ ಎರಡು ಮದುವೆ ಮುಗಿಯುತ್ತಿತ್ತು. ಇರಲಿ, ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಪುಸ್ತಕದ ಮಾತು. ಈಗಿನ ಮಕ್ಕಳು ಎಷ್ಟೋ ಜನ ಅದನ್ನು ನೋಡಿಯೇ ಇಲ್ಲ.

ನನ್ನ ತವರಿನ ಮುಯ್ಯಿ ಪುಸ್ತಕ ಈಗ ನನ್ನ ಹತ್ತಿರವೇ ಇದೆ. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ರಟ್ಟು. ನಾಲ್ಕು ಮೂಲೆಗೂ ಹಚ್ಚಿದ ಅರಿಶಿನ ಈಗ ಕಂದು ಬಣ್ಣಕ್ಕೆ ತಿರುಗಿದೆ. ಮೊದಲ ಪುಟದ ನೆತ್ತಿಯಲ್ಲಿ 'ಶ್ರೀ', ಅದರ ಕೆಳಗೆ ಮನೆದೇವರ ಹೆಸರು, ಅದರ ಕೆಳಗೆ 1971. ಅದು ಅಪ್ಪನ ಮದುವೆಯ ವರ್ಷ. ಎಡಗಡೆ ಊರು, ನಡುವೆ ಹೆಸರು, ಬಲಗಡೆ ಬಂದದ್ದು. ಮೊದಲ ಹತ್ತು ಪುಟಗಳಲ್ಲಿ ರೂಪಾಯಿ ಕಮ್ಮಿ, ಸಾಮಾನು ಜಾಸ್ತಿ. ಅಕ್ಕಿ 10 ಸೇರು. ತೆಂಗಿನಕಾಯಿ 5. ರವಿಕೆ ಕಣ 1. ಬೆಲ್ಲ 2 ಅಚ್ಚು. ಒಂದು ಕಡೆ ಬರೀ 'ಬಾಳೆ ಎಲೆ 2 ಕಟ್ಟು' ಅಂತಿದೆ. ಎರಡು ಕಟ್ಟು ಎಲೆ ತಂದವರನ್ನೂ ಹೆಸರು ಹಿಡಿದು ಬರೆದುಕೊಂಡ ಪುಸ್ತಕ ಅದು.

ರೂಪಾಯಿ ಇರುವ ಕಡೆ ಎಲ್ಲಾ 11, 21, 51. ಸೊನ್ನೆಗೆ ಮುಗಿಯಬಾರದು, ಮೇಲೊಂದು ರೂಪಾಯಿ ಇರಬೇಕು. ಆ ಒಂದು ರೂಪಾಯಿ ಯಾಕವ್ವ ಅಂತ ಚಿಕ್ಕವಳಿದ್ದಾಗ ಅಮ್ಮನನ್ನು ಕೇಳಿದ್ದೆ. 'ಲೆಕ್ಕ ಮುಗೀಲಿಲ್ಲ ಅಂತ ಹೇಳೋಕೆ' ಅಂದಿದ್ದಳು. ಈಗ ಅಂಗಡಿಯಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರೇ ಸಿಗುತ್ತದೆ. ಮುಯ್ಯಿ ಬೇಡ ಅನ್ನುವವರೂ ಅದೇ ಕವರ್ ಕೊಡುತ್ತಾರೆ, ನೋಡಿದ್ದೇನೆ.

ಸಾಮಾನಿನ ಮುಯ್ಯಿಯಲ್ಲಿ ಒಂದು ಜಾಣತನ ಇತ್ತು. ಅಕ್ಕಿ ತಂದವರಿಗೆ ಅಕ್ಕಿ ವಾಪಸ್. ಇಪ್ಪತ್ತು ವರ್ಷ ಬಿಟ್ಟು ಕೊಟ್ಟರೂ ಹತ್ತು ಸೇರು ಅಂದರೆ ಹತ್ತು ಸೇರೇ. ದುಡ್ಡು ಬಂದ ಮೇಲೆ ಇದು ಕೆಟ್ಟಿತು. 1990ರಲ್ಲಿ 10 ಗ್ರಾಂ ಚಿನ್ನಕ್ಕೆ ಮೂರು ಸಾವಿರದ ಚಿಲ್ಲರೆ ಇತ್ತು. ಆವಾಗ ಹಾಕಿದ 51 ರೂಪಾಯಿಗೆ ಈಗ 51 ಕೊಟ್ಟರೆ ಅದು ವಾಪಸ್ ಕೊಟ್ಟಂತೆಯೂ ಅಲ್ಲ, ಕೊಡದಂತೆಯೂ ಅಲ್ಲ. ಅದಕ್ಕೇ ನಮ್ಮ ಹೆಂಗಸರು 'ಕೈಮೇಲೆ ಒಂದಿಷ್ಟು ಸೇರಿಸಿ ಹಾಕು' ಅನ್ನುವುದು. ಈ ಸೇರಿಸಿ ಹಾಕುವುದನ್ನೇ ನೀವು ಪೈಪೋಟಿ ಅಂತ ಕರೆದಿರಿ. ಕೆಲವು ಕಡೆ ಪೈಪೋಟಿ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಮೂಲದಲ್ಲಿ ಅದು ಅಕ್ಕಿಯ ಲೆಕ್ಕವನ್ನು ರೂಪಾಯಿಯಲ್ಲಿ ಸರಿತೂಗಿಸುವ ದಾರಿ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ.

ಚೀಟಿ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಪ್ಪತ್ತು ಜನ ಸೇರಿ ಚೀಟಿ ಹಾಕುತ್ತಾರೆ. ಏಳು ಜನ ಎತ್ತಿಕೊಂಡಿದ್ದಾರೆ, ಹದಿಮೂರು ಜನರದ್ದು ಬಾಕಿ. ಆಗ ಎತ್ತಿಕೊಂಡ ಏಳು ಜನ ಎದ್ದು ನಿಂತು, ಚೀಟಿ ಅನ್ನೋದು ಕೆಟ್ಟ ಪದ್ಧತಿ, ಇವತ್ತಿಂದ ನಿಲ್ಲಿಸೋಣ ಅಂದರೆ ನೀವು ಸುಮ್ನೆ ಇರ್ತೀರಾ? ಬೀದಿಗೆ ಎಳೀತೀರಿ, ಅಲ್ವಾ? ಚೀಟಿಗಾದರೆ 1982ರ ಚಿಟ್ ಫಂಡ್ ಕಾಯ್ದೆ ಇದೆ, ನೋಂದಾಯಿಸಿದ ಚೀಟಿಗೆ ರಿಜಿಸ್ಟ್ರಾರ್ ಇದ್ದಾರೆ. ಮುಯ್ಯಿಗೆ ಇರುವುದು ಒಂದು ಕೆಂಪು ಪುಸ್ತಕ, ಮತ್ತೆ ಎದುರಿಗಿರುವವರ ನಾಚಿಕೆ. ಅಷ್ಟೇ.

ನಾನು ಮದುವೆಯಾಗಿ ಈ ಮನೆಗೆ ಬಂದದ್ದು 1999ರಲ್ಲಿ. ಅಂದಿನಿಂದ ಹಾಕಿದ ಮುಯ್ಯಿಯನ್ನೆಲ್ಲ ಸಭೆಯಿಂದ ಬಂದ ರಾತ್ರಿ ಕೂತು ಕೂಡಿಸಿದೆ. ಮದುವೆ, ಒಸಗೆ, ನಾಮಕರಣ, ಗೃಹಪ್ರವೇಶ ಎಲ್ಲಾ ಸೇರಿ 347 ಕಡೆ. ಒಟ್ಟು 2 ಲಕ್ಷದ 90 ಸಾವಿರ ಚಿಲ್ಲರೆ. ಬಂದದ್ದು? 2004ರಲ್ಲಿ ಮೈದುನನ ಮದುವೆ ಆಯಿತು, ಆವಾಗ ಬಂದಷ್ಟೇ. ನಮಗೆ ಇರುವುದು ಒಬ್ಬಳೇ ಮಗಳು. ಬರುವ ಮಾಘದಲ್ಲಿ ಅವಳ ಮದುವೆ. ಇಪ್ಪತ್ತಾರು ವರ್ಷ ಕಬ್ಬಿನ ಬಿಲ್ಲು ಬಂದಾಗ, ಬಾರದಿದ್ದಾಗ, ಹಾಲಿನ ಡೇರಿ ದುಡ್ಡಿನಲ್ಲಿ, ಒಮ್ಮೊಮ್ಮೆ ಪಕ್ಕದ ಮನೆಯಲ್ಲಿ ಕೈಗಡ ತಂದು ಹಾಕಿದ ಮುಯ್ಯಿ ಅದು. ನಮ್ಮ ಸರದಿ ಬರುವ ಹೊತ್ತಿಗೆ ನಿಮಗೆ ಸುಧಾರಣೆ ನೆನಪಾಯಿತು.

ಅಧ್ಯಕ್ಷರೇ, ನಿಮ್ಮ ಮೂರು ಮಕ್ಕಳ ಮದುವೆಯೂ ಆಗಿದೆ. ಕಾರ್ಯದರ್ಶಿಗಳದ್ದು ಎರಡೂ ಆಗಿದೆ. ಖಜಾಂಚಿಗಳ ಮನೆಯಲ್ಲಿ ಮೊಮ್ಮಗುವಿನ ನಾಮಕರಣವೂ ಆಯಿತು. ನೀವು ಬೇಕಂತ ಮಾಡಿದಿರಿ ಅಂತ ನಾನು ಹೇಳುತ್ತಿಲ್ಲ. ಚೀಟಿ ಎತ್ತಿದವರಿಗೆ ಚೀಟಿ ನೆನಪಿರುವುದಿಲ್ಲ, ಅದು ಮನುಷ್ಯ ಸ್ವಭಾವ. ಆದರೆ ನಿಲ್ಲಿಸುವ ನಿರ್ಧಾರವನ್ನು ಎತ್ತಿದವರೇ ಕೂತು ಮಾಡಬಾರದಿತ್ತು.

ಬಡವರಿಗೆ ಹೊರೆ ಅನ್ನುವ ಮಾತಿಗೆ ನಮ್ಮ ಮನೆಯದ್ದೇ ಒಂದು ಕಥೆ ಇದೆ.

ಅಪ್ಪ 1994ರಲ್ಲಿ ತೀರಿಕೊಂಡರು. ಅಮ್ಮನ ಕೈಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಒಂದೂವರೆ ಎಕರೆ ಗದ್ದೆ, ಸೊಸೈಟಿ ಸಾಲ. 1996ರಲ್ಲಿ ಅಕ್ಕನಿಗೆ ಗಂಡು ಗೊತ್ತಾಯಿತು. ಅಮ್ಮ ಟ್ರಂಕಿನಿಂದ ಈ ಪುಸ್ತಕ ತೆಗೆದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ನಾನು ಓದುತ್ತಾ ಹೋದೆ, ಅವಳು ಬೆರಳು ಮಡಿಸುತ್ತಾ ಹೋದಳು. ಅಪ್ಪ ಯಾರ ಯಾರ ಮನೆಗೆ ಏನೇನು ಹಾಕಿದ್ದರು ಅಂತ ಪುಸ್ತಕದ ಎರಡನೇ ಭಾಗದಲ್ಲಿ ಇತ್ತು. ಅಷ್ಟೂ ಮನೆಗೆ ಅಮ್ಮ ಲಗ್ನಪತ್ರಿಕೆ ಕೊಡಲು ಹೋದಳು. ಯಾರನ್ನೂ ಬಾಯಿಬಿಟ್ಟು ಏನೂ ಕೇಳಲಿಲ್ಲ. ಮುಯ್ಯಿಯಲ್ಲಿ ಕೇಳುವ ಹಾಗಿಲ್ಲ. ಪತ್ರಿಕೆಗೆ ಅರಿಶಿನ ಕುಂಕುಮ ಹಚ್ಚಿ ಕೈಗೆ ಕೊಟ್ಟರೆ ಮುಗಿಯಿತು. ತಗೊಂಡವರು ಒಳಗೆ ಹೋಗಿ ತಮ್ಮ ಪುಸ್ತಕ ನೋಡಿಕೊಳ್ಳುತ್ತಾರೆ.

ಮದುವೆಗೆ ಆದ ಖರ್ಚು 40 ಸಾವಿರದ ಹತ್ತಿರ. ಬಂದ ಮುಯ್ಯಿ 17,312 ರೂಪಾಯಿ. ಆ ಕೊನೆಯ ಬಿಡಿ ರೂಪಾಯಿಗಳನ್ನು ಅಮ್ಮ ಎರಡು ಸಲ ಎಣಿಸಿದ್ದಳು. ಅದರ ಮೇಲೆ ಅಕ್ಕಿ, ಬೇಳೆ, ಒಂದು ಹಂಡೆ. ಬಡ್ಡಿ ಇಲ್ಲ, ಜಾಮೀನು ಇಲ್ಲ, ಪ್ರತಿ ವಾರ ಮನೆ ಬಾಗಿಲಿಗೆ ಬಂದು ಕೂರುವವರಿಲ್ಲ. ಕಿರು ಸಾಲದ ಕಂಪನಿಗಳ ಕಾಟ ತಡೆಯಲು ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಷ್ಟರಮಟ್ಟಿಗೆ ಹಳ್ಳಿ ಹೆಂಗಸರು ಆ ಸಾಲದಲ್ಲಿ ಸಿಕ್ಕಿಕೊಂಡಿದ್ದರು. ಮುಯ್ಯಿ ನಿಲ್ಲಿಸಿದರೆ ಮಗಳ ಮದುವೆಗೆ ನಿಂತ ಬಡವರು ಎಲ್ಲಿಗೆ ಹೋಗುತ್ತಾರೆ? ಸಂಘ ಸಾಲ ಕೊಡುತ್ತದಾ? ಹೊರೆ ಹೊರೆ ಅಂದಿರಲ್ಲ, ಇಳಿಸಿದ ಹೊರೆಯನ್ನು ಯಾರ ತಲೆ ಮೇಲೆ ಇಡುತ್ತೀರಿ?

ಮುಯ್ಯಿ ಅಂದರೆ ದುಡ್ಡು ಮಾತ್ರ ಅಂತ ತಿಳಿದರೆ ಅದೂ ತಪ್ಪು. ಮುಯ್ಯಾಳು ಪದ್ಧತಿ ನಿಮಗೂ ನೆನಪಿರಬೇಕು. ಇವತ್ತು ನಿಮ್ಮ ಗದ್ದೆ ನಾಟಿಗೆ ನಮ್ಮ ಮನೆಯಿಂದ ಎರಡಾಳು, ನಾಳಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಎರಡಾಳು. ಕೂಲಿ ಮಾತೇ ಇಲ್ಲ. ಕೊಯ್ಲಿನ ಮಷೀನು ಬಂದ ಮೇಲೆ ಅದು ಹೆಚ್ಚುಕಮ್ಮಿ ಹೋಯಿತು. ಯಾರೂ ನಿರ್ಣಯ ಮಾಡಿ ನಿಲ್ಲಿಸಲಿಲ್ಲ, ಬೇಡವಾಯಿತು, ನಿಂತಿತು. ಬೇಡವಾದ ಪದ್ಧತಿ ಹಾಗೆ ತಾನಾಗಿ ನಿಲ್ಲುತ್ತದೆ. ಚಪ್ಪಾಳೆ ತಟ್ಟಿ ನಿಲ್ಲಿಸಬೇಕಾಗಿ ಬಂದರೆ ಅದು ಇನ್ನೂ ಯಾರಿಗೋ ಬೇಕಾಗಿದೆ ಅಂತಲೇ ಲೆಕ್ಕ.

ಇನ್ನು ಬಾಗಿಲಲ್ಲಿ ಬರೆದುಕೊಳ್ಳೋದು ಮರ್ಯಾದೆ ಅಲ್ಲ ಅನ್ನುವ ಮಾತು. ಇದಕ್ಕೆ ಕಾನೂನೇ ಉತ್ತರ ಕೊಟ್ಟಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಎಲ್ಲರಿಗೂ ಗೊತ್ತು. ಅದರ ಕೆಳಗೆ 1985ರಲ್ಲಿ ಮಾಡಿದ ನಿಯಮ ಒಂದಿದೆ, ಅದು ಯಾರಿಗೂ ಗೊತ್ತಿಲ್ಲ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕು. ಹೆಣ್ಣಿಗೆ ಬಂದದ್ದನ್ನು ಹೆಣ್ಣು, ಗಂಡಿಗೆ ಬಂದದ್ದನ್ನು ಗಂಡು. ಏನು ಕೊಟ್ಟರು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ನೆಂಟರಾದರೆ ಏನಾಗಬೇಕು, ಇಷ್ಟೂ ಇರಬೇಕು. ಕೆಳಗೆ ಇಬ್ಬರ ಸಹಿ. ಮಗಳ ಮದುವೆ ಗೊತ್ತಾದ ಮೇಲೆ ಪರಿಚಯದ ವಕೀಲರೊಬ್ಬರು ಇದನ್ನು ಹೇಳಿದಾಗ ನನಗೆ ನಗು ಬಂತು. ಊರು, ಹೆಸರು, ಬಂದದ್ದು. ನಮ್ಮಪ್ಪ 1971ರಲ್ಲೇ ಗೆರೆ ಹಾಕಿ ಬರೆದದ್ದು ಇದನ್ನೇ ಅಲ್ವಾ? ಸಹಿ ಒಂದು ಇರಲಿಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಕೇಳದೇ ಕೊಟ್ಟದ್ದು, ಪಟ್ಟಿಯಲ್ಲಿ ಬರೆದದ್ದು ವರದಕ್ಷಿಣೆ ಆಗುವುದಿಲ್ಲ. ಹೆಣ್ಣಿನ ಕಡೆಯವರು ಕೊಡುವಾಗ ಅದು ವಾಡಿಕೆಯದ್ದಾಗಿರಬೇಕು, ಕೊಡುವವರ ಅನುಕೂಲಕ್ಕೆ ಮೀರಿರಬಾರದು. ಹಾಗಾದರೆ ನಾಚಬೇಕಾದ್ದು ಯಾವುದಕ್ಕೆ? ಬಾಗಿಲ ಮೇಜಿನ ಮೇಲೆ ಎಲ್ಲರ ಕಣ್ಣೆದುರು ಬರೆದ 501 ರೂಪಾಯಿಗೋ, ಒಳಕೋಣೆಯಲ್ಲಿ ಯಾರಿಗೂ ಕಾಣದಂತೆ ಕೈ ಬದಲಾಗುವ ಕಾರಿನ ಕೀಗೋ? ಆ ಸಭೆಯಲ್ಲಿ ಕಾರಿನ ಕೀ ಬಗ್ಗೆ ನಿರ್ಣಯ ಬರಲಿಲ್ಲ. ಬರಲಿ ಅಂತ ಕಾದೆ.

ಮದುವೆ ಉಡುಗೊರೆಯನ್ನು ಆದಾಯ ತೆರಿಗೆಯವರೂ ಬಿಟ್ಟಿದ್ದಾರೆ. ಬೇರೆ ಹೊತ್ತಿನಲ್ಲಿ ನೆಂಟರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿ ಬಂದರೆ ತೆರಿಗೆ ಇದೆ, ಮದುಮಕ್ಕಳಿಗೆ ಮದುವೆಯಲ್ಲಿ ಬಂದದ್ದಕ್ಕೆ ಇಲ್ಲ. ಸರ್ಕಾರಕ್ಕೆ ಅರ್ಥವಾದದ್ದು ಸಂಘಕ್ಕೆ ಆಗಲಿಲ್ಲ.

ಹಾಗಂತ ಮುಯ್ಯಿಯಲ್ಲಿ ಎಲ್ಲವೂ ಸರಿ ಇದೆ ಅಂತ ನಾನು ವಾದ ಮಾಡುವುದಿಲ್ಲ. ಭಾಷೆಯೇ ನಮಗೆ ಎಚ್ಚರಿಕೆ ಕೊಟ್ಟಿದೆ. ಮದುವೆಯಲ್ಲಿ ಹಾಕುವುದೂ ಮುಯ್ಯಿ, ಸೇಡು ತೀರಿಸಿಕೊಳ್ಳುವುದೂ ಮುಯ್ಯಿ. ಮುಯ್ಯಿಗೆ ಮುಯ್ಯಿ ಅಂತೇವೆ. ಒಳ್ಳೆಯದನ್ನು ವಾಪಸ್ ಕೊಡುವ ಪದವೇ ಕೆಟ್ಟದ್ದನ್ನು ವಾಪಸ್ ಕೊಡುವುದಕ್ಕೂ ಇದೆ. ಎರಡಕ್ಕೂ ನಡುವೆ ಇರುವುದು ಒಂದು ಸಣ್ಣ ಗೆರೆ. ಮೈಕಿನಲ್ಲಿ ಹೆಸರು, ಮೊತ್ತ ಕೂಗಿ ಓದಿದ ದಿನ ಆ ಗೆರೆ ದಾಟಿದ ಹಾಗೆ. ನಮ್ಮ ಕಡೆ ಮುಯ್ಯಿ 'ಓದಿಸೋದು' ಅಂತಲೇ ಹೇಳುತ್ತಾರೆ. ಚಪ್ಪರದಡಿ ಐವತ್ತು ಜನರ ಮುಂದೆ ಬಾಯಲ್ಲಿ ಓದುವುದು ಬೇರೆ, ಧ್ವನಿವರ್ಧಕ ಕಟ್ಟಿ ಇಡೀ ಊರಿಗೆ ಕೇಳಿಸುವುದು ಬೇರೆ. 21 ರೂಪಾಯಿ ಹಾಕಿದ ಮುದುಕಿ ಊಟ ಮಾಡದೇ ಎದ್ದು ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ನಿಲ್ಲಿಸುವ ನಿರ್ಣಯ ತಂದಿದ್ದರೆ ಎರಡೂ ಕೈ ಎತ್ತುತ್ತಿದ್ದೆ.

ತಮಿಳುನಾಡಿನ ಪುದುಕ್ಕೋಟ್ಟೈ, ತಂಜಾವೂರು ಕಡೆ 'ಮೊಯ್ ವಿರುಂದು' ಅಂತ ಇದೆ. ಮೊಯ್ ಅಂದರೆ ನಮ್ಮ ಮುಯ್ಯಿಯ ಒಡಹುಟ್ಟು. ಅಲ್ಲಿ ಮದುವೆಯೂ ಬೇಕಿಲ್ಲ. ಆಡಿ ತಿಂಗಳಲ್ಲಿ ಹಲವರು ಸೇರಿ ಪೆಂಡಾಲು ಹಾಕಿ, ಬಾಡೂಟ ಹಾಕಿಸಿ, ಮುಯ್ಯಿ ಎತ್ತುತ್ತಾರೆ. ನೋಟು ಎಣಿಸುವ ಮಷೀನು ಇಟ್ಟುಕೊಳ್ಳುವಷ್ಟು ದುಡ್ಡು ಬರುತ್ತದೆ. ಆ ದುಡ್ಡಿನಲ್ಲಿ ಅಂಗಡಿ ಇಟ್ಟವರು, ಮಕ್ಕಳನ್ನು ಓದಿಸಿದವರು ಇದ್ದಾರೆ. ವಾಪಸ್ ಹಾಕಲಾಗದೆ ಸಾಲಕ್ಕೆ ಬಿದ್ದವರೂ ಇದ್ದಾರೆ. ನಾವು ಅಲ್ಲಿಯವರೆಗೆ ಹೋಗುವುದು ಬೇಡ. ಆದರೆ ಹೋಗದಂತೆ ತಡೆಯುವುದು ಒಂದು ಮಿತಿ ಹಾಕಿಕೊಂಡರೆ ಆಗುವ ಕೆಲಸ. ಇಷ್ಟು ರೂಪಾಯಿ ದಾಟಬಾರದು ಅಂತ ಸಂಘ ಹೇಳಲಿ. ಊರಲ್ಲಿ ಗದ್ದೆ ಇರುವವನೂ ಕೂಲಿಗೆ ಹೋಗುವವನೂ ಒಂದೇ 201 ಹಾಕಲಿ. ಯಾಕಾಗಬಾರದು?

ರಾಜಕೀಯದವರ ಕವರ್ ಮಾತ್ರ ಬೇರೆ ಲೆಕ್ಕ. ಅದು ಯಾವ ಪುಸ್ತಕದಲ್ಲೂ ವಾಪಸ್ ಬರೆಯಲಾಗದ ಮುಯ್ಯಿ. ಅದನ್ನು ಅವರು ಬೂತಿನಲ್ಲಿ ವಸೂಲಿ ಮಾಡಿಕೊಳ್ಳುತ್ತಾರೆ.

ಈಗ ಸರಳ ಮದುವೆಯ ಮಾತಿಗೆ ಬರುತ್ತೇನೆ ಅಂದಿದ್ದೆ. ಕುವೆಂಪು ಅವರ ಮಂತ್ರ ಮಾಂಗಲ್ಯ ಸುಮ್ನೆ ಭಾಷಣಕ್ಕೆ ಹುಟ್ಟಿದ್ದಲ್ಲ. 1966ರಲ್ಲಿ ಸ್ವಂತ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ಮದುವೆ ನಡೆಯುತ್ತಿದೆ. ಎರಡೂ ಕಡೆ ಮೊದಲು ಕಡಿದದ್ದು ಖರ್ಚನ್ನು. ನೀವು ಖರ್ಚನ್ನು ಹಾಗೇ ಬಿಟ್ಟು, ಖರ್ಚಿಗೆ ಕೈಜೋಡಿಸುವ ಪದ್ಧತಿಯನ್ನು ಕಡಿದಿರಿ. ಕನ್ವೆನ್ಷನ್ ಹಾಲು ಇರಬೇಕು, ಡ್ರೋನು ಹಾರಬೇಕು, ಬೀಗರ ಊಟಕ್ಕೆ ಸಾವಿರ ಎಲೆ ಬೀಳಬೇಕು, ಮುಯ್ಯಿ ಮಾತ್ರ ಇರಬಾರದು. ಇದು ಉಳ್ಳವರಿಗೆ ಸರಿ. ಅವರು 'ಆಶೀರ್ವಾದವೇ ಉಡುಗೊರೆ' ಅಂತ ಪತ್ರಿಕೆಯ ಕೆಳಗೆ ಅಚ್ಚು ಹಾಕಿಸಬಲ್ಲರು. ಇಲ್ಲದವರೂ ಅದನ್ನೇ ಅಚ್ಚು ಹಾಕಿಸಬೇಕಾಗುತ್ತದೆ, ಮರ್ಯಾದೆಗೆ ಅಂಜಿ.

ಇಲ್ಲಿಯವರೆಗೆ ಬರೆದದ್ದನ್ನು ನನ್ನ ಮಗಳು ಓದಿದಳು. 'ಅಮ್ಮ, ನೀನು ಹಿಂದಿನ ಪುಟದ ವಿಷಯ ಬರೀಲೇ ಇಲ್ಲ' ಅಂದಳು. ಬರೆಯಬಾರದು ಅಂತಲೇ ಬಿಟ್ಟಿದ್ದೆ. ಈಗ ಬರೆಯುತ್ತೇನೆ.

ಅಕ್ಕನ ಮದುವೆ ಮುಗಿದು ಹನ್ನೊಂದು ದಿನ ಆಗಿತ್ತು. ಸಂಜೆ ಹೊತ್ತು. ಜಗಲಿಯ ಕೆಳಗೆ ಒಬ್ಬ ಅಜ್ಜ ಬಂದು ನಿಂತ. ತಲೆ ಮೇಲೆ ಒಂದು ಸಣ್ಣ ಚೀಲ. ಕೇರಿಯವನು, ನಮ್ಮ ಗದ್ದೆಗೆ ನೀರು ಕಟ್ಟಲು ಬರುತ್ತಿದ್ದವನು. ಚೀಲ ಇಳಿಸಿ, 'ಹತ್ತು ಸೇರು ರಾಗಿ ಅವ್ವ, ಮದ್ವೆ ಹೊತ್ತಿಗೆ ಆಗ್ಲಿಲ್ಲ. ನನ್ನ ಮಗಳ ಮದ್ವೇಲಿ ಯಜಮಾನ್ರು ಹಾಕಿದ್ರು' ಅಂದ. ಅಮ್ಮ ಒಳಗಿಂದ ಕೂಗಿದಳು, ಬರೆದುಕೋ ಅಂತ. ನಾನು ಪುಸ್ತಕ ತಂದೆ, ಜಗಲಿ ಮೇಲೆ ಕೂತೆ, ಮದುವೆಯ ಮುಯ್ಯಿ ಬರೆದ ಕೊನೆಯ ಹಾಳೆ ತೆಗೆದೆ. ಅವನ ಹೆಸರು ಬರೆಯಲು ಪೆನ್ನು ಇಟ್ಟೆ.

ಅಜ್ಜ ಕೆಳಗಿನಿಂದಲೇ ನೋಡುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ಆದರೂ ಗೊತ್ತಾಯಿತು. 'ತಿರುಗಿಸವ್ವ, ನಮ್ದು ಆ ಕಡೆಯಿಂದ' ಅಂದ.

ನಾನು ಪುಸ್ತಕ ತಲೆಕೆಳಗು ಮಾಡಿ ಹಿಂದಿನ ರಟ್ಟು ತೆಗೆದೆ. ಅಲ್ಲಿ ಇನ್ನೊಂದು ಪುಸ್ತಕ ಇತ್ತು. ಅಪ್ಪನದೇ ಅಕ್ಷರ. 'ಶ್ರೀ' ಇರಲಿಲ್ಲ, ಮನೆದೇವರ ಹೆಸರಿರಲಿಲ್ಲ, ಅರಿಶಿನ ಇರಲಿಲ್ಲ. ಕೇರಿಯ ಮನೆಗಳ ಹೆಸರು ಸಾಲಾಗಿ ಇತ್ತು. ರಾಗಿ, ಹುರುಳಿ, 2 ರೂಪಾಯಿ, 5 ರೂಪಾಯಿ. ಮೇಲೊಂದು ರೂಪಾಯಿ ಅಲ್ಲಿ ಯಾರೂ ಇಟ್ಟಿರಲಿಲ್ಲ, ಇಡಲು ಆಗಿರಲಿಲ್ಲವೋ ಏನೋ. ಪುಸ್ತಕ ಶುರುವಾದದ್ದು 1971ರಲ್ಲಿ. ಸಂವಿಧಾನ ಬಂದು, 17ನೇ ವಿಧಿ ಅಸ್ಪೃಶ್ಯತೆ ತೆಗೆದುಹಾಕಿ, ಇಪ್ಪತ್ತೊಂದು ವರ್ಷ ಆಗಿತ್ತು. ನಮ್ಮಪ್ಪ ಒಳ್ಳೆಯ ಮನುಷ್ಯ. ಯಾರ ಮದುವೆಗೂ ಮುಯ್ಯಿ ತಪ್ಪಿಸಿದವರಲ್ಲ, ಕೇರಿಯ ಮದುವೆಗೂ ಹಾಕುತ್ತಿದ್ದರು. ಹಾಕಿ, ಊಟ ಮಾಡದೇ ಬರುತ್ತಿದ್ದರು. ಲೆಕ್ಕ ಇಟ್ಟರು, ಹಿಂದಿನಿಂದ ಇಟ್ಟರು.

ಆ ದಿನ ನನಗೆ ಹತ್ತೊಂಬತ್ತು. ನಾನೂ ಹಿಂದಿನ ಪುಟದಲ್ಲೇ ಬರೆದೆ. ಅಜ್ಜ ಬರೆದದ್ದನ್ನು ನೋಡಿಕೊಂಡು, ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದ. ಮುಂದಿನ ಪುಟದಲ್ಲಿ ನಾನು ಇಟ್ಟ ಪೆನ್ನಿನ ಚುಕ್ಕೆ ಈಗಲೂ ಹಾಗೇ ಇದೆ.

ಆ ನಿರ್ಣಯದಲ್ಲಿ ನನ್ನನ್ನು ಜಾಸ್ತಿ ಕೆಣಕಿದ್ದು 'ನಮ್ಮ ಜನಾಂಗದ' ಅನ್ನುವ ಪದ. ಮುಯ್ಯಿ ನಮ್ಮ ಜನಾಂಗದ ಆಸ್ತಿ ಅಲ್ಲ. ನಮ್ಮ ಪುಸ್ತಕದಲ್ಲಿ ಮಡಿವಾಳರ ಮನೆ ಇದೆ, ಬಳೆ ಮಾರುವ ಸಾಬರ ಮನೆ ಇದೆ, ಅಕ್ಕಸಾಲಿಗರ ಮನೆ ಇದೆ. ಅವರಿಗೆಲ್ಲ ನಾವು ಬಾಕಿ ಇದ್ದೇವೆ. ಒಂದು ಜಾತಿಯ ಸಂಘ ಕೂತು ಇಡೀ ಊರಿನ ಬಾಕಿ ಮನ್ನಾ ಮಾಡಲು ಬರುವುದಿಲ್ಲ. ಅದೂ ನಾವು ಕೊಡಬೇಕಾದ ಬಾಕಿಯನ್ನು ನಾವೇ.

ಹೆಂಗಸರ ಮಾತು ಒಂದು ಉಳಿಯಿತು. ಪುಸ್ತಕದಲ್ಲಿ ನನ್ನ ಹೆಸರು ಎಲ್ಲೂ ಇಲ್ಲ. ಹಾಲು ಕರೆದು ಹಾಕಿದ ದುಡ್ಡು ನನ್ನದು, ಹೆಸರು ಯಜಮಾನರದ್ದು. ಅಪ್ಪ ಹೋದ ಮೇಲೆ ಅಮ್ಮ ಹಾಕಿದ ಮುಯ್ಯಿಯನ್ನೂ ಊರವರು ಅಪ್ಪನ ಹೆಸರಲ್ಲೇ ಬರೆದರು. ಸತ್ತವರು ಮುಯ್ಯಿ ಹಾಕಿದರು, ಬದುಕಿದ್ದವಳು ಹಾಕಲಿಲ್ಲ. ಅದೇ ಅಮ್ಮನನ್ನು ಧಾರೆ ಹೊತ್ತಿನಲ್ಲಿ ಮುಂದೆ ಬರಬೇಡ ಅಂದರು, ಸ್ವಂತ ಮಗಳ ಮದುವೆಯಲ್ಲಿ. ದುಡ್ಡು ಮುಂದೆ ಬರಬಹುದು, ಕೊಟ್ಟವಳು ಬರಬಾರದು.

ನನ್ನ ಕೋರಿಕೆ ದೊಡ್ಡದೇನಲ್ಲ. ನಿರ್ಣಯ ವಾಪಸ್ ತಗೊಳ್ಳಿ. ಆಗುವುದಿಲ್ಲ ಅಂದರೆ, ಹಾಕಿದ ಮುಯ್ಯಿ ವಾಪಸ್ ಬರುವವರೆಗೆ ಕಾಯ್ದು ಆಮೇಲೆ ಜಾರಿ ಮಾಡಿ, ಹಳೆಯ ಬಾಕಿ ತೀರಿಸುವುದಕ್ಕೆ ಅಡ್ಡ ಬರಬೇಡಿ. ಮೈಕು ನಿಲ್ಲಿಸಿ, ಮಿತಿ ಹಾಕಿ. ಮತ್ತೆ ಆ ಸಭೆ ಕರೆಯುವಾಗ ಹೆಂಗಸರ ಕಡೆಯ ಫ್ಯಾನು ರಿಪೇರಿ ಮಾಡಿಸಿ.

ನಮ್ಮ ಮಗಳ ಮದುವೆಗೆ ಹೊಸ ಪುಸ್ತಕ ತಂದಿದ್ದೇನೆ. ಇನ್ನೂರು ಹಾಳೆಯದ್ದು. ಗೆರೆ ಹಾಕುವಾಗ ಮಗಳು ಹಿಂದಿನ ರಟ್ಟಿಗೆ ಕೊನೆಯ ಹಾಳೆಯನ್ನು ಗೋಂದು ಹಾಕಿ ಅಂಟಿಸಿಬಿಟ್ಟಳು, ಆ ಕಡೆಯಿಂದ ತೆರೆಯಲು ಬಾರದಂತೆ. ಹೆಸರಿನ ಜಾಗದಲ್ಲಿ ತಂದವರದ್ದೇ ಹೆಸರು ಬರೆಯುವುದು ಅಂತ ಮಾತಾಗಿದೆ, ಹೆಂಗಸಾಗಲಿ ಗಂಡಸಾಗಲಿ. ಫೋನಿನಲ್ಲಿ ಕಳಿಸುವವರದ್ದನ್ನೂ ಬರೆಯುತ್ತೇವೆ, ಆ ಒಂದು ರೂಪಾಯಿ ಮರೆಯಬೇಡಿ. ಬರೆಯಲು ಕೂರುವವನು ಕೇರಿಯ ಹುಡುಗ, ನನ್ನ ಮಗಳ ಜೊತೆ ಡಿಗ್ರಿ ಓದಿದವನು. ಅಕ್ಷರ ಚೆನ್ನಾಗಿದೆ.

ಅಧ್ಯಕ್ಷರೇ, ನಮ್ಮ ಪುಸ್ತಕದಲ್ಲಿ ನಿಮ್ಮ ಮನೆ ಹೆಸರು ಮೂರು ಕಡೆ ಇದೆ. 2009, 2013, 2018. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಅದು ರೀತಿ ಅಲ್ಲ. ಪತ್ರಿಕೆ ಅಚ್ಚಾಗಿ ಬಂದಿದೆ. ಬರುವ ಗುರುವಾರ ಅರಿಶಿನ ಕುಂಕುಮ ತಗೊಂಡು ನಿಮ್ಮ ಮನೆಗೆ ನಾನೇ ಬರುತ್ತೇನೆ. ಯಜಮಾನಿತಿಯವರು ಮನೆಯಲ್ಲಿ ಇರುತ್ತಾರಲ್ಲ?

ಇಂತಿ,
ಮಂಡ್ಯ ಸೀಮೆಯ ಒಬ್ಬ ಮನೆಯಾಕೆ